ಎಡೆದೊರೆ ನಾಡಿನ ಪ್ರೇಮಕಥೆ ಬರೆಯುವವರಿಗೆ: ಎಲ್ಲಿಯವರೆಗೆ ಇತಿಹಾಸ, ಎಲ್ಲಿಂದ ಕಲ್ಪನೆ

ತುಂಗಭದ್ರೆಯ ದಂಡೆ, ಬೆಳದಿಂಗಳು, ಹಿಂದೆ ಕಲ್ಲಿನ ರಥ, ನಾಯಕಿಯ ಕೊರಳಲ್ಲಿ ಚೆಂಡುಹೂವಿನ ಮಾಲೆ. ಹಂಪಿಯ ಪ್ರೇಮಕಥೆ ಬರೆಯಲು ಕೂತವರಿಗೆ ಇಷ್ಟು ತಾನಾಗಿ ಬಂದುಬಿಡುತ್ತದೆ. ಕಥೆ ನಡೆಯುವುದು 1406ರಲ್ಲಾದರೆ ಇದರಲ್ಲಿ ಎರಡು ತಪ್ಪು. ಕಲ್ಲಿನ ರಥ ಎದ್ದದ್ದು ಹದಿನಾರನೇ ಶತಮಾನದಲ್ಲಿ. ಚೆಂಡುಹೂವು ಮೆಕ್ಸಿಕೊ ಕಡೆಯ ಗಿಡ; ಆಗಿನ್ನೂ ಅದು ಸಮುದ್ರ ದಾಟಿರಲಿಲ್ಲ. ಬೆಳದಿಂಗಳು ಸರಿಯೋ ತಪ್ಪೋ ಎಂಬುದು ತಿಥಿ ನೋಡಿದ ಮೇಲೆ ಹೇಳುವ ಮಾತು.

ಪ್ರೇಮವನ್ನು ಕಲ್ಪಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಶಾಸನದಲ್ಲಿ ದತ್ತಿ ಇದೆ, ಗಡಿ ಇದೆ, ಶಾಪ ಇದೆ. ಒಬ್ಬಳು ಒಬ್ಬನನ್ನು ಮೆಚ್ಚಿದ ಸುದ್ದಿ ಇಲ್ಲ. ಆ ಜಾಗ ಬರೆಯುವವರದು. ಆದರೆ ಅದರ ಸುತ್ತ ಇರುವ ಹೊಲ, ಹೊಳೆ, ನಾಣ್ಯ, ಊಟ, ದಾರಿ ಇವೆಲ್ಲ ಪರೀಕ್ಷೆಗೆ ನಿಲ್ಲುವಂಥವು. ಅವು ಗಟ್ಟಿಯಾಗಿದ್ದರೆ ಓದುಗ ಪ್ರೇಮವನ್ನೂ ನಂಬುತ್ತಾನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದಲ್ಲಿ ಕಥೆ ಕಟ್ಟುವವರು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಮುಂದೆ ಹೇಳಿದೆ.

ಮೊದಲು ವರ್ಷ, ಆಮೇಲೆ ನಾಯಕಿ

‘ವಿಜಯನಗರದ ಕಾಲ’ ಎಂದು ಬರೆದು ಮುಂದೆ ಹೋಗಬೇಡಿ. ಅದು ಇನ್ನೂರಕ್ಕೂ ಹೆಚ್ಚು ವರ್ಷ. ಅಷ್ಟರಲ್ಲಿ ಉಡುಗೆ, ಆಯುಧ, ಗಡಿ, ದೇವಸ್ಥಾನ ಎಲ್ಲ ಬದಲಾಗಿವೆ. ಒಂದು ವರ್ಷ ಹಿಡಿಯಿರಿ. ಸಾಧ್ಯವಾದರೆ ಮಾಸವನ್ನೂ ಹಿಡಿಯಿರಿ. ಹಿಡಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಆ ವರ್ಷ ಹೊಳೆಯ ಆ ದಂಡೆ ಯಾರದು, ಈ ದಂಡೆ ಯಾರದು?

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಹಳಬರು ಎಡೆದೊರೆ ನಾಡು ಎಂದರು, ಈಗ ರಾಯಚೂರು ದೋಆಬ್ ಎನ್ನುತ್ತಾರೆ. ಇದು ಕೈಯಿಂದ ಕೈಗೆ ಹೋದಷ್ಟು ಸಲ ಬೇರೆ ಯಾವ ಸೀಮೆಯೂ ಹೋಗಿರಲಿಕ್ಕಿಲ್ಲ. 1294ರಲ್ಲಿ ರಾಯಚೂರು ಕೋಟೆ ಕಾಕತೀಯರ ಅಧೀನ. ಗೋರೆ ಗನ್ನಯ್ಯ ರೆಡ್ಡಿಯ ಹೆಸರಿನ ಶಾಸನ ನಲವತ್ತು ಅಡಿ ಮೀರಿದ ಒಂದೇ ಚಪ್ಪಡಿಯ ಮೇಲೆ ಇಂದಿಗೂ ಕೋಟೆ ಗೋಡೆಯಲ್ಲಿದೆ. 1327ರ ಸುಮಾರಿಗೆ ಕಂಪಿಲಿ ದಿಲ್ಲಿಯ ದಂಡಿಗೆ ಬಿತ್ತು. 1406ರಲ್ಲಿ ಮುದಗಲ್ಲು ಬಹಮನಿ ಸುಲ್ತಾನ ಫಿರೋಜ್ ಶಾಹನದು, ಹೊಳೆಯ ತೆಂಕಣ ದಂಡೆ ಒಂದನೆಯ ದೇವರಾಯನದು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಹಿಡಿದ.

ಹತ್ತೊಂಬತ್ತನೇ ಶತಮಾನ ಸುಲಭ ಎಂದುಕೊಂಡವರು ಎಡವುವುದು ಇನ್ನೂ ಹೆಚ್ಚು. ಬಳ್ಳಾರಿಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಥಾಮಸ್ ಮನ್ರೋ ಇಲ್ಲಿನ ಆಡಳಿತ ನೋಡಿದ. ರಾಯಚೂರು ನಿಜಾಮನಲ್ಲಿಯೇ ಉಳಿಯಿತು ಎಂದು ಎಲ್ಲರೂ ಬರೆಯುತ್ತಾರೆ. ಆದರೆ 1853ರ ಒಪ್ಪಂದದಲ್ಲಿ ದೋಆಬ್ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ನಿಜಾಮನಿಗೆ ಮರಳಿತು. ನಿಮ್ಮ ನಾಯಕ 1857ರಲ್ಲಿ ರಾಯಚೂರಿನಲ್ಲಿ ನಿಜಾಮನ ಅಧಿಕಾರಿಗೆ ಸಲಾಮು ಹೊಡೆದರೆ ಕಥೆ ಅಲ್ಲಿಯೇ ಕೆಟ್ಟಿತು. ಮುಂಡರಗಿ ಭೀಮರಾಯ ಕೊಪ್ಪಳ ಕೋಟೆ ಹಿಡಿದದ್ದು 1858ರಲ್ಲಿ. ರಾಯಚೂರಿನಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲುಹಳಿ ಕೂಡಿದ್ದು 1871ರಲ್ಲಿ. ಅದಕ್ಕೆ ಮೊದಲು ರೈಲುನಿಲ್ದಾಣದ ಅಗಲಿಕೆ ಇಟ್ಟುಕೊಳ್ಳಬೇಡಿ. ನಿಜಾಮನ ಸೀಮೆಯಲ್ಲಿ ಹಾಲಿ ಸಿಕ್ಕಾ ರೂಪಾಯಿ, ಬಳ್ಳಾರಿಯಲ್ಲಿ ಬ್ರಿಟಿಷ್ ರೂಪಾಯಿ. ಎರಡರ ಬೆಲೆಯೂ ಬೇರೆ. ಹೊಳೆ ದಾಟಿ ವ್ಯಾಪಾರ ಮಾಡುವವನಿಗೆ ಇದು ದಿನನಿತ್ಯದ ತಲೆನೋವು, ಕಾದಂಬರಿಕಾರನಿಗೆ ಒಳ್ಳೆಯ ಸರಕು.

ಸಾಕ್ಷಿಗಳನ್ನು ದೂರ ಅಳೆದು ಜೋಡಿಸುವುದು

ಒಂದು ದಪ್ಪ ನೋಟುಪುಸ್ತಕ ತೆಗೆದುಕೊಂಡು ಪುಟಕ್ಕೆ ನಾಲ್ಕು ಅಂಕಣ ಎಳೆಯಿರಿ: ಏನು ನಡೆಯಿತು, ಹೇಳಿದವರು ಯಾರು, ನಡೆದ ಎಷ್ಟು ವರ್ಷಕ್ಕೆ ಹೇಳಿದರು, ಯಾರ ಅನ್ನ ತಿಂದು ಹೇಳಿದರು. ಮೂರನೆಯ ಮತ್ತು ನಾಲ್ಕನೆಯ ಅಂಕಣ ತುಂಬದೆ ಯಾವ ಸಂಗತಿಯನ್ನೂ ಕಥೆಗೆ ಎತ್ತಿಕೊಳ್ಳಬೇಡಿ. ಎರಡು ವಾರ ಹಿಡಿಯುವ ಕೆಲಸ, ಆದರೆ ಕಾದಂಬರಿಯ ಅರ್ಧ ಇದರಿಂದಲೇ ಹುಟ್ಟುತ್ತದೆ.

ಮುದಗಲ್ಲಿನ ಅಕ್ಕಸಾಲಿಯ ಮಗಳ ಕಥೆಯನ್ನೇ ನೋಡಿ. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಮುದಗಲ್ಲಿನಲ್ಲಿ ಅಕ್ಕಸಾಲಿಗನ ಮನೆಯಲ್ಲಿ ತಂಗಿದ. ಮನೆಯ ಮಗಳ ಚೆಲುವು ಕಂಡು ಅವಳಿಗೆ ಸಂಗೀತ ಕಲಿಸಿದ. ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಅವಳನ್ನು ಹೊಗಳಿದ. ರಾಯ ಒಡವೆ ಕಳಿಸಿ ಕೇಳಿಸಿದ. ಹುಡುಗಿ ಒಲ್ಲೆ ಎಂದಳು. ರಾಯನ ರಾಣಿವಾಸ ಹೊಕ್ಕವರಿಗೆ ಮತ್ತೆ ತಂದೆತಾಯಿಯ ಮುಖ ಕಾಣಲು ಬಿಡುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ರಾಯ ಕುದುರೆ ದಂಡು ಕಳಿಸಿದ; ಊರವರು ದಂಡಿನ ಸುದ್ದಿ ಕೇಳಿ ಓಡಿಹೋದರು, ಹುಡುಗಿಯ ಮನೆಯವರೂ ಓಡಿಹೋದರು. ದಂಡು ಹುಡುಗಿ ಸಿಗದೆ, ಸೀಮೆ ಸುಲಿದು ಮರಳಿತು. ಫಿರೋಜ್ ಶಾಹ ಇದನ್ನೇ ನೆಪ ಮಾಡಿಕೊಂಡು ವಿಜಯನಗರದ ಮೇಲೆ ಬಂದ. ಕೊನೆಗೆ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟ. ಅಕ್ಕಸಾಲಿಯ ಮಗಳು ಸುಲ್ತಾನನ ಮಗ ಹಸನ್ ಖಾನನ ಹೆಂಡತಿಯಾದಳು.

ಇಷ್ಟು ಹೇಳಿದವನು ಪಾರಸಿಯಲ್ಲಿ ಇತಿಹಾಸ ಬರೆದ ಫಿರಿಶ್ತಾ. ಅವನು ಬರೆದದ್ದು ಹದಿನೇಳನೇ ಶತಮಾನದ ಮೊದಲ ವರ್ಷಗಳಲ್ಲಿ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಮೂರನೆಯ ಅಂಕಣಕ್ಕೆ ‘ಇನ್ನೂರು ವರ್ಷ’ ಎಂದು ಬರೆಯಿರಿ. ನಾಲ್ಕನೆಯದಕ್ಕೆ ‘ಗೆದ್ದವರ ಪರಂಪರೆಯ ಸುಲ್ತಾನ’. ಹುಡುಗಿಗೆ ಮೊದಲಿನಿಂದಲೂ ತಾನು ಇಸ್ಲಾಮಿಗೆ ಸೇರುವೆನೆಂಬ ಒಳದನಿ ಇತ್ತು ಎಂದೂ ಅವನು ಸೇರಿಸುತ್ತಾನೆ. ಆ ಮಾತು ಹುಡುಗಿಯದೋ ಫಿರಿಶ್ತಾನದೋ ಎಂದು ನೀವೇ ತೂಗಿ ನೋಡಿ; ನನಗಂತೂ ಅದು ಫಿರಿಶ್ತಾನ ದನಿಯಾಗಿಯೇ ಕೇಳುತ್ತದೆ. ಹೆಸರು ಪರ್ತಾಲ್ ಎಂದು ಬರುತ್ತದೆ, ಅನುವಾದಕ್ಕೆ ಅನುವಾದ ಬೇರೆಯಾಗುತ್ತದೆ. ಕನ್ನಡದ ಅಕ್ಕಸಾಲಿಗರ ಮನೆಯ ಹೆಣ್ಣುಮಗಳ ಹೆಸರಿನಂತೆ ಅದು ಕೇಳುವುದೂ ಇಲ್ಲ. ಹೆಸರನ್ನು ಹಾಗೇ ಇಟ್ಟುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ ಇದರಲ್ಲಿ ಏನನ್ನು ನಂಬಬೇಕು? 1406ರ ಸುಮಾರಿಗೆ ದೋಆಬ್‌ನಲ್ಲಿ ಯುದ್ಧ ನಡೆದದ್ದು, ಫಿರೋಜ್ ಶಾಹ 1397ರಿಂದ 1422ರವರೆಗೆ ಆಳಿದ್ದು, ದೇವರಾಯ 1406ರ ನವೆಂಬರಿನಲ್ಲಿ ಪಟ್ಟಕ್ಕೆ ಬಂದದ್ದು ಗಟ್ಟಿ. ಹೆಣ್ಣಿಗಾಗಿ ಯುದ್ಧ ಎಂಬುದು ಗಟ್ಟಿಯಲ್ಲ. ದೋಆಬ್‌ನ ಎರೆಭೂಮಿ, ಕೋಟೆಗಳು, ಸುಂಕದ ದಾರಿಗಳಿಗಾಗಿ ಇವರ ಹಿಂದಿನವರೂ ಕಾದಿದ್ದರು, ಮುಂದಿನವರೂ ಕಾದಿದರು. ಪಟ್ಟಕ್ಕೆ ಬಂದು ಕೆಲವೇ ದಿನವಾದ ಅರಸು ಕಂಡಿರದ ಹೆಣ್ಣಿಗಾಗಿ ದಂಡು ಕಳಿಸಿದನೇ ಎಂಬ ಅನುಮಾನವನ್ನು ಕಥೆಯೊಳಗಿನ ಪಾತ್ರವೊಂದರ ಬಾಯಲ್ಲೇ ಕೇಳಿಸಬಹುದು. ಕಾದಂಬರಿಕಾರನಿಗೆ ಬೇಕಾದ ಚಿನ್ನ ಬೇರೆ ಕಡೆ ಇದೆ: ಇಡೀ ವೃತ್ತಾಂತದಲ್ಲಿ ಹುಡುಗಿಯನ್ನು ಕೇಳುವುದು ಒಂದೇ ಸಲ, ಅವಳು ಕೊಡುವ ಉತ್ತರವೂ ಒಂದೇ. ತಂದೆತಾಯಿಯನ್ನು ಬಿಟ್ಟು ಇರಲಾರೆ ಎಂದವಳನ್ನು ಕೊನೆಗೆ ಸುಲ್ತಾನನ ಮನೆಗೆ ಕಳಿಸಿದಾಗ ಯಾರೂ ಕೇಳಲಿಲ್ಲ. ನಿಮ್ಮ ಪುಸ್ತಕ ಅಲ್ಲಿಂದ ಶುರುವಾಗಬಹುದು.

ಇನ್ನೊಂದು ಬಗೆಯ ಸಾಕ್ಷಿ ಕೃಷ್ಣದೇವರಾಯ ಮತ್ತು ಚಿನ್ನಾದೇವಿಯದು. ಪಟ್ಟಕ್ಕೆ ಬರುವ ಮೊದಲೇ ಅವನು ಒಬ್ಬ ನರ್ತಕಿಯನ್ನು ಪ್ರೀತಿಸಿದ್ದ, ಮಾತು ಕೊಟ್ಟು ಆಮೇಲೆ ರಾಣಿ ಮಾಡಿಕೊಂಡ ಎಂದು ಪೋರ್ಚುಗೀಸನಾದ ಪಾಯೆಸ್ ಬರೆಯುತ್ತಾನೆ. ಅವನು ಬಂದದ್ದು 1520ರ ಆಸುಪಾಸು, ರಾಯ ಬದುಕಿದ್ದಾಗಲೇ. ಹದಿನೈದು ವರ್ಷದ ಮೇಲೆ ಬರೆದ ಇನ್ನೊಬ್ಬ ಪೋರ್ಚುಗೀಸ ನ್ಯೂನಿಜ್ ಅದಕ್ಕೆ ರಾತ್ರಿ ಕದ್ದು ಹೋಗುವ ರಾಜಕುಮಾರನನ್ನೂ ಹಿಂದೆ ಬರುವ ಮಂತ್ರಿ ಸಾಳುವ ತಿಮ್ಮನನ್ನೂ ಸೇರಿಸುತ್ತಾನೆ. ತಿರುಮಲೆಯಲ್ಲಿ ರಾಯನ ಎರಡೂ ಬದಿಗೆ ತಿರುಮಲಾದೇವಿ, ಚಿನ್ನಾದೇವಿಯರ ವಿಗ್ರಹಗಳಿವೆ. ಅಂದರೆ ಪ್ರೇಮದ ತಿರುಳು ಗಟ್ಟಿ, ರಾತ್ರಿಯ ಹಿಂಬಾಲಿಕೆ ಊರ ಮಾತಾಗಿರಬಹುದು. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಅದು ರಾಯನ ಪ್ರೇಯಸಿಗಾಗಿ ಕಟ್ಟಿದ ಊರು ಎಂದು ಪೋರ್ಚುಗೀಸರು ಕೇಳಿಕೊಂಡರು. ನಾಗಲಾದೇವಿ ರಾಯನ ತಾಯಿಯ ಹೆಸರು ಎಂಬುದನ್ನು ಮರೆತು ಕಾದಂಬರಿಯಲ್ಲಿ ನಾಯಕಿಗೆ ಆ ಹೆಸರಿಟ್ಟರೆ ಮಗ ತಾಯಿಯನ್ನು ಪ್ರೀತಿಸಿದಂತಾಗುತ್ತದೆ.

ಕಂಪಿಲಿಯ ಕುಮಾರರಾಮನ ಕಥೆ ಮೂರನೆಯ ಬಗೆ. ಮಲತಾಯಿ ರತ್ನಾಜಿ, ಅವಳ ಅರಮನೆಗೆ ಬಿದ್ದ ಚೆಂಡು, ಒಲ್ಲದ ಮಗ, ಮಂತ್ರಿ ಬೈಚಪ್ಪ: ಇದೆಲ್ಲ ಸಾಂಗತ್ಯಗಳಲ್ಲಿ, ಜನಪದದಲ್ಲಿ ಬಂದದ್ದು, ಘಟನೆ ಕಳೆದು ಬಹುಕಾಲದ ಮೇಲೆ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬರೆದದ್ದು ಘಟನೆ ನಡೆದ ಶತಮಾನದಲ್ಲೇ. ಆಶ್ರಯ ಕೇಳಿ ಬಂದವನನ್ನು ಕಂಪಿಲಿಯ ರಾಯ ಬಿಟ್ಟುಕೊಡಲಿಲ್ಲ, ಕೊನೆಗೆ ಹೆಂಗಸರು ಬೆಂಕಿಗೆ ಹಾರಿದರು ಎನ್ನುತ್ತಾನೆ; ರತ್ನಾಜಿಯ ಸೊಲ್ಲಿಲ್ಲ. ಗಂಗಾವತಿ ಬಳಿಯ ಕುಮ್ಮಟದುರ್ಗದಲ್ಲಿ ಕಥೆ ಕಟ್ಟುವವರು ಎರಡನ್ನೂ ಓದಿ, ಯಾವುದನ್ನು ಬೆನ್ನೆಲುಬು ಮಾಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಬೆರಸಿದರೆ ತಪ್ಪಲ್ಲ. ಬೆರಸಿದ್ದು ನಿಮಗೇ ಗೊತ್ತಿಲ್ಲದಿದ್ದರೆ ತಪ್ಪು.

ಸ್ಥಳಕ್ಕೆ ಹೋಗಿ ಕಳೆಯುವುದು

ಎಲ್ಲರೂ ಹಂಪಿಗೆ ಹೋಗಿ ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಮಾಡಬೇಕಾದದ್ದು ಅದರ ತಿರುವು: ನಿಮ್ಮ ವರ್ಷಕ್ಕೆ ಯಾವುದು ಇರಲಿಲ್ಲವೋ ಅದನ್ನು ಒಂದೊಂದಾಗಿ ಅಳಿಸುತ್ತ ಹೋಗಬೇಕು.

ಕಥೆ 1406ರದ್ದಾದರೆ ಉಗ್ರನರಸಿಂಹನನ್ನು ಅಳಿಸಿ, ಅದು 1528ರದು. ಕೃಷ್ಣ ದೇವಸ್ಥಾನ 1513ರ ಒಡಿಶಾ ದಂಡಯಾತ್ರೆಯ ಮೇಲೆ ಬಂದದ್ದು, ಅಳಿಸಿ. ಅಚ್ಯುತರಾಯ ದೇವಸ್ಥಾನ, ವಿಠ್ಠಲನ ನೂರು ಕಂಬದ ಮಂಟಪ, ಕಮಲ ಮಹಲು ಎಲ್ಲ ಹೋಗಲಿ. ವಿರೂಪಾಕ್ಷನ ಮುಂದಿನ ರಂಗಮಂಟಪವೂ ಕೃಷ್ಣದೇವರಾಯನ ಪಟ್ಟದ ಕಾಲದ್ದು. ಉಳಿಯುವುದು ಹೇಮಕೂಟದ ಪುಟ್ಟ ಗುಡಿಗಳು, 1385ರ ಸುಮಾರಿನ ಗಾಣಿಗಿತ್ತಿ ಬಸದಿ, ಆಚೆ ದಂಡೆಯ ಆನೆಗೊಂದಿ. ಹಜಾರರಾಮ ದೇವಸ್ಥಾನ ಅದೇ ದೇವರಾಯನ ಆಳಿಕೆಗೆ ಸೇರಿದ್ದು. ಕಥೆಯಲ್ಲಿ ಅದು ಇನ್ನೂ ಕಟ್ಟುತ್ತಿರುವ ಗುಡಿ. ಉಳಿ ಸದ್ದು, ಕಲ್ಲಿನ ಪುಡಿ, ಗಾರೆ ಒಯ್ಯುವ ಹೆಂಗಸರು. ಇದು ಸಿದ್ಧ ದೇವಸ್ಥಾನದ ವರ್ಣನೆಗಿಂತ ಎಷ್ಟೋ ಜೀವಂತ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಇಡೀ ಹಂಪಿಯ ಮಾದರಿ ಇದೆ. ಅದರ ಮುಂದೆ ನಿಂತು ಒಂದು ಕಾಗದದಲ್ಲಿ ಗುಡ್ಡ, ಹೊಳೆ, ಕಾಲುವೆ ಮಾತ್ರ ಬರೆದುಕೊಳ್ಳಿ, ಕಟ್ಟಡಗಳನ್ನು ವರ್ಷ ನೋಡಿ ಸೇರಿಸಿ.

ಮುದಗಲ್ಲಿನಲ್ಲೂ ಇದೇ ಎಚ್ಚರ. ಈಗ ಕಾಣುವ ಕೋಟೆಯಲ್ಲಿ ಹೆಚ್ಚಿನದು ಆದಿಲ್ ಶಾಹಿಗಳ ಕಾಲದ ಕೆಲಸ. ಬಳ್ಳಾರಿ ಗುಡ್ಡದ ಕೋಟೆಯೂ ಹಾಗೆಯೇ, ಹೈದರಾಲಿಯ ಕಾಲದಲ್ಲಿ ಬೆಳೆದದ್ದು. ಪಕ್ಕದ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆ ಎಂದು ಗೊತ್ತಾಗಿ ಹೈದರ್ ಫ್ರೆಂಚ್ ಇಂಜಿನಿಯರನನ್ನು ಬಾಗಿಲಲ್ಲೇ ನೇಣಿಗೇರಿಸಿದ ಎಂಬ ಊರ ಕಥೆಯನ್ನು ಊರ ಕಥೆಯಾಗಿಯೇ ಬಳಸಿ.

ಹೊಲ ಮತ್ತು ಹೊಳೆಯಲ್ಲಿ ಕಳೆಯಬೇಕಾದದ್ದು ಇನ್ನೂ ಹೆಚ್ಚಿದೆ. ಗಂಗಾವತಿ, ಸಿಂಧನೂರಿನ ಕಣ್ಣಿಗೆ ಕಾಣುವಷ್ಟು ದೂರದ ಭತ್ತದ ಗದ್ದೆ ತುಂಗಭದ್ರಾ ಅಣೆಕಟ್ಟಿನ ಕೊಡುಗೆ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದಕ್ಕೆ ಮೊದಲು ಈ ಸೀಮೆ ಎರೆಹೊಲ, ಮಸಾರಿ ಹೊಲ, ಜೋಳ, ಸಜ್ಜೆ, ನವಣೆ, ಜವಾರಿ ಹತ್ತಿ. ಭತ್ತ, ಕಬ್ಬು ಇದ್ದದ್ದು ಹೊಳೆಯ ಮಗ್ಗುಲಲ್ಲಿ, ರಾಯರ ಕಾಲದ ಕಾಲುವೆಗಳ ಕೆಳಗೆ. ಹೊಳೆಯ ಮೇಲೂ ಕಣ್ಣಿಡಿ: ಈಗ ಅಣೆಕಟ್ಟಿನ ಕೆಳಗೆ ಹರಿಯುವ ನೀರು ಬಾಗಿಲು ತೆರೆದಷ್ಟೇ. ಆಗ ಸಹ್ಯಾದ್ರಿಯ ಮಳೆ ನೇರವಾಗಿ ಬರುತ್ತಿತ್ತು. ಆಷಾಢ, ಶ್ರಾವಣದಲ್ಲಿ ದಾಟುವುದು ಪ್ರಾಣದ ಮಾತು.

ದಾರಿ ಬದಿಯ ಮುಳ್ಳುಕಂಟಿ ಎಂದರೆ ನಮಗೆ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಗಿಡ ಅಮೆರಿಕದ್ದು, ಇಲ್ಲಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ನಾಯಕಿಯ ಸೆರಗು ಸಿಕ್ಕಿಕೊಳ್ಳಬೇಕಾದರೆ ಕರಿಜಾಲಿಗೋ ಬಾರಿಕಂಟಿಗೋ ಸಿಕ್ಕಲಿ. ಪಾಪಾಸುಕಳ್ಳಿ, ಗುಲ್‌ಮೊಹರ್, ಕಾಗದದ ಹೂವು, ನೀಲಗಿರಿ ಮರ, ಇವೂ ಹೊರಗಿನವು. ಹೂವಿಗೆ ಬರವಿಲ್ಲ: ಮಲ್ಲಿಗೆ, ಸಂಪಿಗೆ, ಕೇದಿಗೆ ಇವೆ. ಗುಲಾಬಿಯನ್ನು ಅನುಮಾನಿಸಬೇಡಿ, 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರದ ಜನಕ್ಕೆ ಗುಲಾಬಿ ಊಟದಷ್ಟೇ ಬೇಕು ಎಂದು ಬರೆದಿದ್ದಾನೆ.

ಊಟದಲ್ಲಿ ಎಲ್ಲರೂ ಜಾರುವ ಜಾಗ ಜೋಳದ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿ. ರೊಟ್ಟಿ ಸರಿ. ಶೇಂಗಾ ಅಮೆರಿಕದಿಂದ ಬಂದದ್ದು, ಒಣಮೆಣಸಿನಕಾಯಿಯೂ ಅಲ್ಲಿಂದಲೇ. ಟೊಮೇಟೊ, ಆಲೂಗಡ್ಡೆ, ಪೇರಲ, ಪಪ್ಪಾಯಿ, ತಂಬಾಕು ಎಲ್ಲ ಅದೇ ದಾರಿ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅದಕ್ಕೂ ನೂರು ವರ್ಷ ಮೊದಲಿನ ಮುದಗಲ್ಲಿನ ಅಡುಗೆಮನೆಯಲ್ಲಿ ಖಾರ ಎಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಎಣ್ಣೆ ಎಳ್ಳಿನದು, ಕುಸುಬೆಯದು. ಬದನೆ, ತೊಗರಿ, ಹುರುಳಿ, ಹುಣಸೆ, ಬೆಳ್ಳುಳ್ಳಿ ಬಳಸಲು ಅಡ್ಡಿಯಿಲ್ಲ. 1520ರ ಕಥೆಯಲ್ಲೂ ಊರೊಳಗಿನ ಮನೆಗಳಿಗೆ ಮೆಣಸಿನಕಾಯಿ ತರಬೇಡಿ. ಚಹಾ, ಕಾಫಿಯ ಮಾತು ಹೇಳುವುದೇ ಬೇಡ.

ದಾರಿ, ದುಡ್ಡು, ತಿಥಿ

ಹಂಪಿಯಿಂದ ಮುದಗಲ್ಲು ನೇರ ಗೆರೆ ಎಳೆದರೆ ಸುಮಾರು 75 ಕಿಲೋಮೀಟರು. ಸುತ್ತು ಸೇರಿ 90 ಎಂದು ಹಿಡಿಯಿರಿ. ನಡೆಯುವವನು ದಿನಕ್ಕೆ 25ರಿಂದ 30 ಕಿಲೋಮೀಟರು ಹೋದಾನು: ಮೂರೂವರೆ ದಿನ. ಎತ್ತಿನ ಬಂಡಿಗೆ ನಾಲ್ಕೈದು ದಿನ. ಕುದುರೆಯ ಮೇಲಿನ ಓಲೆಕಾರ ಎರಡನೆಯ ದಿನ ಸಂಜೆಗೆ ಮುಟ್ಟುತ್ತಾನೆ. ಆನೆ, ಹೇರೆತ್ತು, ಅಂಗಡಿ ಸಮೇತ ಹೊರಟ ದಂಡು ದಿನಕ್ಕೆ 10–15 ಕಿಲೋಮೀಟರು ದಾಟಿದರೆ ಹೆಚ್ಚು. ಇದನ್ನು ಬರೆದಿಟ್ಟುಕೊಳ್ಳದಿದ್ದರೆ ಬೆಳಗ್ಗೆ ವಿಜಯನಗರದಲ್ಲಿದ್ದ ನಾಯಕ ರಾತ್ರಿ ಮುದಗಲ್ಲಿನ ಹಿತ್ತಿಲ ಗೋಡೆ ಹಾರುತ್ತಾನೆ.

ಅವನಿಗೆ ಕುದುರೆ ಎಲ್ಲಿಂದ ಬಂತು ಎಂಬುದೂ ಪ್ರಶ್ನೆಯೇ. ಒಳ್ಳೆಯ ಕುದುರೆ ಸಮುದ್ರದ ಮೇಲಿಂದ ಬರುವ ಸರಕು, ಅರಸರಿಗೆ ಮೀಸಲು. ಸಾಮಾನ್ಯ ಮನೆಯ ಹುಡುಗ ನಡೆಯಲಿ, ಇಲ್ಲವೇ ಹೇರೆತ್ತಿನ ಜೊತೆ ಹೋಗಲಿ. ಹೊಳೆ ದಾಟುವುದು ಹರಿಗೋಲಿನಲ್ಲಿ. ಪಾಯೆಸ್ ಕಂಡ ಹರಿಗೋಲು ಬೆತ್ತದ ಬುಟ್ಟಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುವಷ್ಟು ದೊಡ್ಡದು. ಹುಟ್ಟು ಹಾಕಿದಾಗೆಲ್ಲ ಗಿರಗಿರ ತಿರುಗುತ್ತದೆ, ದನ ಕುದುರೆಗಳು ಹೆಚ್ಚಾಗಿ ಈಜಿಯೇ ದಾಟುತ್ತವೆ. ಇಬ್ಬರು ಅಪರಿಚಿತರು ಮೊದಲ ಸಲ ಎದುರುಬದುರು ಕೂರಲು, ಕೂತಲ್ಲೇ ದಿಕ್ಕು ತಪ್ಪಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಿಕೊಡಿ ನೋಡೋಣ.

ನಾಣ್ಯಕ್ಕೆ ಅಬ್ದುಲ್ ರಜಾಕ್ ಕೊಟ್ಟ ಲೆಕ್ಕ ಹಿಡಿಯಿರಿ. ಒಂದು ವರಹಕ್ಕೆ ಎರಡು ಪ್ರತಾಪ, ಒಂದು ಪ್ರತಾಪಕ್ಕೆ ಹತ್ತು ಹಣ, ಒಂದು ಹಣಕ್ಕೆ ಆರು ಬೆಳ್ಳಿ ತಾರ, ಒಂದು ತಾರಕ್ಕೆ ಮೂರು ತಾಮ್ರದ ಜೀತಲ್. ಅಂದರೆ ವರಹವೊಂದು 360 ಜೀತಲ್. ವರಹ ಸುಮಾರು 3.4 ಗ್ರಾಂ ಬಂಗಾರ. ಸಂತೆಯಲ್ಲಿ ಹೂ ಕೊಳ್ಳುವವನು ವರಹ ಎಸೆದರೆ ಹೂವಾಡಗಿತ್ತಿ ಓಡಿಹೋಗಿ ತಳವಾರನನ್ನು ಕರೆದಾಳು. ರೂಪಾಯಿ ಶೇರ್ ಶಾಹನ ಕಾಲದ ನಾಣ್ಯ, 1406ಕ್ಕಾಗಲಿ 1520ಕ್ಕಾಗಲಿ ಅದು ಸಲ್ಲದು. ಅಕ್ಕಸಾಲಿಯ ಮನೆಯಲ್ಲಿ ತೂಕ ಗುಲಗಂಜಿಯದು. ಒರೆಗಲ್ಲು, ಊದುಗೊಳವೆ, ಅಗ್ಗಿಷ್ಟಿಕೆ, ಚಿಮಟ, ತಂತಿ ಎಳೆಯುವ ಅಚ್ಚು, ಇವಿಷ್ಟು ಸಾಮಾನು ಹೇಳಿದರೆ ಕೋಣೆ ಕಣ್ಣಿಗೆ ಕಟ್ಟುತ್ತದೆ. ಈ ಸೀಮೆಯ ಹಟ್ಟಿಯಲ್ಲಿ ಬಹಳ ಹಿಂದಿನಿಂದ ಬಂಗಾರ ತೋಡಿದ ಗುರುತುಗಳಿವೆ ಎಂಬುದನ್ನೂ ಮರೆಯಬೇಡಿ.

ಹೊತ್ತಿಗೆ ನಿಮಿಷ ಗಂಟೆ ಬೇಡ. ಗಳಿಗೆ ಎಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ, 8 ಜಾವ. ವರ್ಷಕ್ಕೆ ಶಕವರ್ಷ ಮತ್ತು ಸಂವತ್ಸರ: ಕ್ರಿಸ್ತಶಕದಿಂದ 78 ಕಳೆದರೆ ಶಕವರ್ಷ, ಯುಗಾದಿಗೆ ಮುಂಚಿನ ತಿಂಗಳಿಗೆ 79. ಸಂವತ್ಸರಕ್ಕೆ 1987 ಪ್ರಭವ ಎಂದು ಹಿಡಿದು ಅರವತ್ತರ ಗುಂಪಿನಲ್ಲಿ ಹಿಂದೆ ಬನ್ನಿ. 1387 ಪ್ರಭವವಾದರೆ 1406 ವ್ಯಯ, ಶಕ 1328. 1507 ಪ್ರಭವವಾದರೆ 1520 ವಿಕ್ರಮ, ಶಕ 1442. ಶಾಸನದಲ್ಲಿ ಶಕವೂ ಸಂವತ್ಸರವೂ ತಾಳೆಯಾಗುತ್ತವೆಯೇ ಎಂದು ನೋಡುವ ಕ್ರಮವೂ ಇದೇ.

ತಿಥಿ ನೋಡದಿದ್ದರೆ ಎಂಥ ಅನಾಹುತ ಎಂಬುದಕ್ಕೆ ರಾಯಚೂರು ಯುದ್ಧವೇ ಸಾಕ್ಷಿ. ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ದಿನ 1520ರ ಮೇ 19, ಶನಿವಾರ. ಶುಕ್ರವಾರ ಒಳ್ಳೆಯದಲ್ಲವೆಂದು ಒಂದು ದಿನ ತಡೆದರು ಎಂದು ನ್ಯೂನಿಜ್ ಹೇಳುತ್ತಾನೆ. ಅದು ಅಮಾವಾಸ್ಯೆಯ ಆಸುಪಾಸು. ಯುದ್ಧದ ಹಿಂದಿನ ರಾತ್ರಿ ಬೆಳದಿಂಗಳಲ್ಲಿ ಬೀಳ್ಕೊಡುವ ದೃಶ್ಯ ಬರೆದಿದ್ದರೆ ಹರಿದು ಹಾಕಿ. ಕತ್ತಲು, ಮೇ ತಿಂಗಳ ಸೆಕೆ, ದೂರದಲ್ಲಿ ದಂಡಿನ ಒಲೆಗಳು. ಮುಖ ಕಾಣದೆ ದನಿಯಿಂದಲೇ ಗುರುತಿಸಬೇಕು. ದೃಶ್ಯ ಕೆಡಲಿಲ್ಲ, ಗಟ್ಟಿಯಾಯಿತು. ಆ ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನ ಕೋವಿಗಾರರು ರಾಯನ ಕಡೆಗಿದ್ದರು. ಕೋವಿಯ ಸದ್ದು ಅಲ್ಲಿ ಸಲ್ಲುತ್ತದೆ. 1406ಕ್ಕೆ ಅದನ್ನು ಒಯ್ಯಬೇಡಿ.

ಮೈಬಣ್ಣ, ಮದುವೆ, ಮಾತು

ನಾಯಕನಾಗಿ ರಾಜನೇ ಬೇಕು ಎನ್ನುವವರು ಪಾಯೆಸ್ ಕಂಡ ಕೃಷ್ಣದೇವರಾಯನನ್ನು ಒಮ್ಮೆ ನೋಡಬೇಕು. ನಡುವೆತ್ತರ, ಬೆಳ್ಳಗಿನ ಮೈ, ತೆಳ್ಳಗಿಂತ ತುಸು ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿ, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಹಿಡಿದು, ಕುದುರೆ ಓಡಿಸಿ ಆಮೇಲೆ ಸ್ನಾನ. ಈ ಸಿಡುಬು ಕಲೆಯ ರಾಯ ಯಾವ ಚಿತ್ರಪಟದ ರಾಯನಿಗಿಂತ ಪ್ರೀತಿಸಲು ಯೋಗ್ಯ. ಆಸ್ಥಾನದ ಗಂಡಸರ ಉಡುಗೆ ಕಬಾಯಿ ಮತ್ತು ಎತ್ತರದ ಕುಲ್ಲಾಯಿ. ಪಾರಸಿ ಕಡೆಯಿಂದ ಬಂದ ಹೊಲಿಗೆ. ಬರಿಮೈಯ ಮೇಲೆ ಹಾರ ಹಾಕಿದ ಸಿನಿಮಾ ರಾಜನನ್ನು ಬಿಡಿ. ಹೊಳೆಯ ಈಚೆ ಹಿಂದೂ, ಆಚೆ ಮುಸ್ಲಿಂ ಎಂಬ ಗೆರೆಯೂ ಅಷ್ಟು ನೇರವಲ್ಲ. ಇಮ್ಮಡಿ ದೇವರಾಯನ ದಂಡಿನಲ್ಲಿ ಮುಸ್ಲಿಂ ಸವಾರರಿದ್ದರು. ಅವನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಹಂಪಿಯಲ್ಲಿ ಕಟ್ಟಿಸಿದ ಕಟ್ಟಡ ಈಗಲೂ ನಿಂತಿದೆ, ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ.

ನಾಯಕಿಗೆ ರಾಣಿಯೇ ಆಗಬೇಕಿಲ್ಲ. ಅರಮನೆಯೊಳಗಿನ ಖರ್ಚಿನ ಲೆಕ್ಕ ಬರೆಯುವ ಹೆಂಗಸರಿದ್ದರು, ಕುಸ್ತಿ ಹಿಡಿಯುವವರಿದ್ದರು, ಜೋಯಿಸ ಹೇಳುವವರಿದ್ದರು ಎಂದು ನ್ಯೂನಿಜ್ ಬರೆದಿದ್ದಾನೆ. ಕಡತ ಹಿಡಿದು ಬಳಪದಿಂದ ಲೆಕ್ಕ ಬರೆಯುವ ಹೆಣ್ಣುಮಗಳು ಸಿಕ್ಕರೆ ಕಾದಂಬರಿಕಾರ ಇನ್ನೇನು ಕೇಳಬೇಕು? ಓದು ಬರಹ ಬಲ್ಲಳು, ಅರಮನೆಯ ಗುಟ್ಟು ಬಲ್ಲಳು, ಓಲೆಗರಿಗೆ ಕಂಠ, ಅಂದರೆ ಬರೆಯುವ ಕಬ್ಬಿಣದ ಕಡ್ಡಿ, ಒತ್ತಿ ಪತ್ರ ಬರೆಯಬಲ್ಲಳು. ದೇವಸ್ಥಾನದ ನರ್ತಕಿಯನ್ನು ಬರೆಯುವವರು ಅವಳನ್ನು ದೇವತೆ ಮಾಡಬೇಡಿ, ಬರೀ ದುಃಖದ ಬೊಂಬೆಯನ್ನೂ ಮಾಡಬೇಡಿ. ರಾಣಿಯರ ಜೊತೆ ಕೂತು ಎಲೆ ಅಡಿಕೆ ಮೆಲ್ಲುವ ಸಲುಗೆ ಅವರಿಗೆ ಮಾತ್ರ ಇತ್ತು, ಸಂಪತ್ತಿತ್ತು, ಅದರ ಬೆಲೆಯೂ ಇತ್ತು. ಮೂರನ್ನೂ ಒಂದೇ ಪಾತ್ರದಲ್ಲಿ ಹಿಡಿಯುವುದೇ ಕಷ್ಟದ ಕೆಲಸ.

ಮದುವೆ ಆಗಲೂ ಹಣದ ಮಾತೇ. ಮದುವೆಗೆ ಸುಂಕವಿತ್ತು, ಅದನ್ನು ಬಿಟ್ಟುಕೊಟ್ಟ ಶಾಸನಗಳೂ ಇವೆ. ಹೆಣ್ಣಿನ ಕಡೆಯವರು ಹಣ ತೆಗೆದುಕೊಳ್ಳುವ ರೂಢಿ ಎಷ್ಟು ಬಲವಾಗಿತ್ತೆಂದರೆ, ಇಮ್ಮಡಿ ದೇವರಾಯನ ಕಾಲದಲ್ಲಿ, 1425ರಲ್ಲಿ, ತಮಿಳು ಸೀಮೆಯ ಪಡೈವೀಡಿನ ಬ್ರಾಹ್ಮಣರು ಹಣ ಮುಟ್ಟದೆ ಕನ್ಯಾದಾನವಾಗಿಯೇ ಮದುವೆ ಮಾಡುತ್ತೇವೆಂದು ಕಟ್ಟಲೆ ಮಾಡಿ ಶಾಸನ ಹಾಕಿಸಿದರು. ಇಬ್ಬರು ಒಪ್ಪಿದರೆ ಸಾಕು ಎಂಬ ಇಂದಿನ ಮಾತನ್ನು ಅವಳ ಬಾಯಿಗೆ ತುರುಕಬೇಡಿ. ಅವಳು ತಡೆಯುವ ದಾರಿಗಳು ಬೇರೆ ಇದ್ದವು: ತವರಿನ ಹಂಬಲ, ಹರಕೆ, ಜಾತಕ, ಉಪವಾಸ, ಮೌನ. ಮುದಗಲ್ಲಿನವಳು ತಂದೆತಾಯಿಯ ಹೆಸರು ಹೇಳಿ ಅರಸನಿಗೇ ಇಲ್ಲ ಎಂದಳಲ್ಲ.

ಮಾತಿನಲ್ಲಿ ಹಳಗನ್ನಡ ತುಂಬಿದರೆ ನಾಟಕದ ಕಂಪನಿ ಬಂದಂತಾಗುತ್ತದೆ. ಇಂದಿನ ರಾಯಚೂರಿನ ಮಾತನ್ನು ಹಾಗೇ ಇಟ್ಟರೂ ಹೊಂದದು, ಅದರಲ್ಲಿ ಉರ್ದುವಿನಿಂದ ಬಂದ ಎಷ್ಟೋ ಪದ ಆಮೇಲಿನವು. ನಡುದಾರಿ ಹೀಗೆ: ವಾಕ್ಯದ ಓಟ ಈ ಸೀಮೆಯದೇ ಇರಲಿ, ‘ಯಪ್ಪಾ’, ‘ಯವ್ವಾ’ ಇರಲಿ, ವಿಜಯನಗರದ ಪಾತ್ರಗಳ ಬಾಯಲ್ಲಿ ಖಜಾನೆ ಭಂಡಾರವಾಗಲಿ, ದರ್ಬಾರು ಓಲಗವಾಗಲಿ, ಸಿಪಾಯಿ ಭಟನಾಗಲಿ. ಫಿರೋಜ್ ಶಾಹನ ಕಡೆಯವರು ಮಾತಾಡುವಾಗ ಆ ಪದಗಳನ್ನು ಧಾರಾಳವಾಗಿ ಬಿಡಿ. ಯಾರ ದಂಡೆ ಯಾವುದು ಎಂದು ಕಿವಿಗೇ ಗೊತ್ತಾಗುತ್ತದೆ. ಪದ ಬೇಕಾದಾಗ ಆ ಕಾಲದ ಕುಮಾರವ್ಯಾಸ, ಚಾಮರಸರಲ್ಲಿ ಹುಡುಕಿ.

ಬರೆದ ಮೇಲೆ

ಶಾಸನ ಹುಡುಕಲು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳಿಂದ ಶುರು ಮಾಡಿ. ನಿಮ್ಮ ವರ್ಷದ ಹಿಂದೆ ಮುಂದೆ ಹತ್ತು ವರ್ಷದ ಶಾಸನ ಮಾತ್ರ ಓದಿ. ಊರ ಹೆಸರು, ಬೆಳೆ, ಸುಂಕ, ಸಾಕ್ಷಿ ಹಾಕಿದವರ ಹೆಸರುಗಳನ್ನು ಎತ್ತಿಕೊಳ್ಳಿ. ಪಾತ್ರಗಳಿಗೆ ಹೆಸರು ಅಲ್ಲಿಯೇ ಸಿಗುತ್ತವೆ, ಕಲ್ಪಿಸಿದ್ದಕ್ಕಿಂತ ಚೆನ್ನಾಗಿರುತ್ತವೆ. ಹತ್ತೊಂಬತ್ತನೇ ಶತಮಾನದವರಿಗೆ 1904ರ ಬಳ್ಳಾರಿ ಗೆಜೆಟಿಯರು ಬೇಕೇ ಬೇಕು. 1876–78ರ ಬರದ ಭಾಗವನ್ನು ಬಿಡದೆ ಓದಿ.

ಕರಡು ಮುಗಿದ ಮೇಲೆ ಮೂವರಿಗೆ ಕೊಡಿ, ಸಾಹಿತಿಗಳಿಗಲ್ಲ. ಎರೆಹೊಲ ಉಳುವ ಒಬ್ಬರಿಗೆ: ಬಿಳಿಜೋಳ ಹಿಂಗಾರಿಯದು, ಅದನ್ನು ಆಷಾಢದಲ್ಲಿ ಕೊಯ್ಯಿಸಿದ್ದರೆ ಅವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಕೈಕಸುಬಿನ ಅಕ್ಕಸಾಲಿಗರಿಗೆ: ಬೆಸುಗೆಯ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ, ಯಾವಾಗ ಮಾತಾಡಲು ಆಗುವುದಿಲ್ಲ ಎಂದು ಹೇಳುತ್ತಾರೆ. ಶಾಸನ ಓದಬಲ್ಲ ಒಬ್ಬರಿಗೆ. ಮೂವರೂ ಗುರುತು ಹಾಕಿದ್ದನ್ನು ತಿದ್ದಿ, ಪುಸ್ತಕದ ಕೊನೆಗೆ ಎರಡು ಪುಟದ ‘ಲೇಖಕರ ಮಾತು’ ಬರೆಯಿರಿ: ಯಾವ ಪಾತ್ರ ದಾಖಲೆಯಲ್ಲಿದೆ, ಯಾವುದು ನಿಮ್ಮದು, ದಾಖಲೆ ಹೇಳಿದ್ದನ್ನು ಎಲ್ಲೆಲ್ಲಿ ಬೇಕೆಂದೇ ಬದಲಿಸಿದಿರಿ. ಅದನ್ನು ಮುನ್ನುಡಿಯಲ್ಲಿ ಹಾಕಬೇಡಿ. ಕಥೆಯ ಗುಟ್ಟು ಅಲ್ಲೇ ಬಿಟ್ಟುಹೋಗುತ್ತದೆ.